ಪಿಟೀಲು ಮೇಷ್ಟ್ರ ಕಿವಿ

ಮಳೆಗಾಲ ಬಂತೆಂದರೆ ಪಿಟೀಲು ಮೇಷ್ಟ್ರಿಗೆ ಬಿರಡೆಗಳ ಜೊತೆ ಕುಸ್ತಿ ಶುರು. ಹೊರಗೆ ನಾಲ್ಕು ಹನಿ ಬೀಳುವುದೇ ತಡ, ತಂತಿ ಬಿಗಿಯುವ ಆ ನಾಲ್ಕು ಮರದ ಬಿರಡೆಗಳು ಹಳೇ ಬಾಗಿಲಿನ ಹಾಗೆ ಉಬ್ಬಿ ಕೂತುಬಿಡುತ್ತಿದ್ದವು. ಮೆಲ್ಲಗೆ ತಿರುಗಿಸಿದರೆ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ, ಸಿಟ್ಟಿನಿಂದ ತಿರುಗಿಸಿದರೆ ತಂತಿ ಟಪ್ಪೆಂದು ಕಡಿದು ಕೆನ್ನೆಗೆ ಬಾರಿಸುತ್ತದೆ. ಅದಕ್ಕೇ ಮೇಷ್ಟ್ರು ಮಳೆಗಾಲಕ್ಕೆ ಒಣ ಸೋಪಿನ ಚೂರು, ಚಳಿಗಾಲಕ್ಕೆ ಸೀಮೆಸುಣ್ಣದ ತುಂಡು ಎಂದು ಎರಡು ಡಬ್ಬಿ ಇಟ್ಟುಕೊಂಡಿದ್ದರು. ಚಳಿಯಲ್ಲಿ ಅದೇ ಬಿರಡೆಗಳು ಒಣಗಿ, ಬಿಗಿದಲ್ಲಿ ನಿಲ್ಲದೆ ಜಾರುತ್ತವಲ್ಲ, ಆಗ ಸುಣ್ಣದ ಪುಡಿ ಸವರಬೇಕು. ಸೀಮೆಸುಣ್ಣ ಒದಗಿಸುವುದು ಹೆಂಡತಿಯ ಖಾತೆ. ಆಕೆ ಪ್ರಾಥಮಿಕ ಶಾಲೆಯ ಟೀಚರು, ಬರೆದು ಸವೆದ ತುಂಡುಗಳನ್ನು ಕೈಚೀಲಕ್ಕೆ ಹಾಕಿಕೊಂಡು ಬರುತ್ತಿದ್ದಳು.

ಅವರ ಮನೆ ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆ. ಬೀದಿಗೆ ಕಿಟಕಿಯಿದ್ದ ಕೋಣೆಯಲ್ಲಿ ಪಾಠ, ಒಳಗಿನದರಲ್ಲಿ ಸಂಸಾರ. ಕೆಳಗೆ ಹೊಲಿಗೆ ಯಂತ್ರದ ಗಡಗಡ, ಮೇಲೆ ಮಕ್ಕಳ ಕುಯ್ಯೋಮರ್ರೋ. ಟೈಲರೂ ಮೇಷ್ಟ್ರೂ ಒಬ್ಬರನ್ನೊಬ್ಬರು ಸಹಿಸಿಕೊಂಡು ಹದಿನೈದು ವರ್ಷವಾಗಿತ್ತು. ಮದುವೆಯಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಯಾರದೋ ನಿವೃತ್ತಿಯಿರಲಿ, ಊರಿನವರು ಜೋಡಿಯಾಗಿ ಇಬ್ಬರನ್ನು ಕರೆಯುತ್ತಿದ್ದರು: ಪಿಟೀಲು ಮೇಷ್ಟ್ರು ಮತ್ತು ಪೆಟ್ಟಿಗೆ ಮೇಷ್ಟ್ರು. ಪೆಟ್ಟಿಗೆ ಎಂದರೆ ಹಾರ್ಮೋನಿಯಂ. ಒಬ್ಬ ಕುಯ್ಯೋನು ಒಬ್ಬ ಒತ್ತೋನು ಎಂದು ಪಡ್ಡೆ ಹುಡುಗರು ಬೀದಿಯಲ್ಲಿ ನಗುತ್ತಿದ್ದರು, ಇವರೂ ಜೊತೆಗೆ ನಗುತ್ತಿದ್ದರು. ಇಪ್ಪತ್ತೆರಡು ವರ್ಷ ಹೀಗೆ ಜೋಡೆತ್ತಿನ ಹಾಗೆ ನಡೆದವರು. ಪೆಟ್ಟಿಗೆ ಮೇಷ್ಟ್ರಿಗೆ ಹೆಂಡತಿ ಮಕ್ಕಳಿಲ್ಲ. ವಾರಕ್ಕೆ ಮೂರು ದಿನ ಅವರ ಊಟ ಪಿಟೀಲು ಮೇಷ್ಟ್ರ ಮನೆಯಲ್ಲೇ ಆಗುತ್ತಿತ್ತು.

ಆ ಮಳೆಗಾಲದ ಶುರುವಿನಲ್ಲಿ ಎಣ್ಣೆ ಗಿರಣಿಯವರ ಮನೆ ಮದುವೆಗೆಂದು ಇಬ್ಬರೂ ಅಭ್ಯಾಸಕ್ಕೆ ಕೂತಿದ್ದರು. ಪೆಟ್ಟಿಗೆಯ ಮೇಲುಗಡೆಯ ಎರಡು ಸ್ವರ ಕೂದಲೆಳೆಯಷ್ಟು ಇಳಿದಿವೆ ಎಂದು ಪಿಟೀಲು ಮೇಷ್ಟ್ರಿಗೆ ಅನ್ನಿಸಿತು. ಥಂಡಿಗೆ ಒಳಗೆ ಸ್ವರ ಹೊರಡಿಸುವ ಹಿತ್ತಾಳೆ ರೀಡು ಕಿಲುಬು ಹಿಡಿದರೆ ಹಾಗಾಗುತ್ತದೆ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಹೇಳಿದರು. ಪೆಟ್ಟಿಗೆ ಮೇಷ್ಟ್ರು ನಕ್ಕು, ಮಳೆ ಮಾರಾಯ, ಮೊದಲು ನಿನ್ನ ಬಿರಡೆ ನೋಡ್ಕೋ ಅಂದರು. ಇವರು ನೋಡಿಕೊಂಡರು, ಬಿರಡೆ ಬಂಡೆಯ ಹಾಗೆ ಕೂತಿತ್ತು. ಆದರೂ ಎರಡನೇ ಸಲ ಹೇಳಲಿಲ್ಲ.

ಬದಲಿಗೆ ಒಂದು ಉಪಾಯ ಮಾಡಿದರು. ಪೆಟ್ಟಿಗೆಯ ಸ್ವರ ಮಾಡಿಟ್ಟದ್ದು, ಒತ್ತಿದರೆ ಅದು ಇದ್ದ ಹಾಗೇ ಕೂಗುತ್ತದೆ. ಪಿಟೀಲಿನಲ್ಲಿ ಹಾಗಲ್ಲ, ಬೆರಳು ನಿಂತಲ್ಲಿ ಸ್ವರ. ಆ ಎರಡು ಸ್ವರ ಬಂದಾಗಲೆಲ್ಲ ಮೇಷ್ಟ್ರು ತಮ್ಮ ಬೆರಳನ್ನು ಸರಿಯಾದ ಜಾಗದಿಂದ ಸ್ವಲ್ಪ ಹಿಂದಕ್ಕೆ ಇಡತೊಡಗಿದರು. ಎರಡೂ ಸಮನಾಗಿ ತಪ್ಪಿದರೆ ಕೇಳುವವರಿಗೆ ತಪ್ಪು ಕಾಣುವುದಿಲ್ಲ. ಮೂವತ್ತು ವರ್ಷ ಬೆರಳಿಗೆ ಸತ್ಯ ಕಲಿಸಿದ ಮನುಷ್ಯ ಗೆಳೆಯನ ಮಾನಕ್ಕಾಗಿ ಅದೇ ಬೆರಳಿಗೆ ಸುಳ್ಳು ಕಲಿಸಿದರು.

ಕಲಿಸಿದ್ದು ಪೂರ್ತಿ ನಾಟಿರಲಿಲ್ಲ. ಮದುವೆಯ ದಿನ ಒಂದು ದುಡುಕಿನ ತಾನದಲ್ಲಿ ಬೆರಳು ಹಳೇ ಅಭ್ಯಾಸಕ್ಕೆ ಬಿದ್ದು ಸರಿಯಾದ ಜಾಗಕ್ಕೇ ಹೋಗಿ ಕೂತಿತು. ಎರಡು ವಾದ್ಯ ಕಿರಿಕಿರಿ ಎಂದು ಉಜ್ಜಿಕೊಂಡವು, ಮುಂದೆ ಕೂತ ಒಂದಿಬ್ಬರು ಮುಖ ಕಿವಿಚಿದರು. ಒಂದು ಕ್ಷಣ, ಅಷ್ಟೇ. ಮೇಷ್ಟ್ರು ಮರೆತೂಬಿಟ್ಟರು.

ಅದಾದ ಮೇಲೆ ಊರು ಜೋರಾಗಿ ಮಾತಾಡತೊಡಗಿತು. ಮೊದಲು ಕೆಳಗಿನ ಟೈಲರು, ಕೊಡೆ ತಗೊಂಡ್ರಾ ಮೇಷ್ಟ್ರೇ ಎಂದು ಮೂರು ಬೀದಿಗೆ ಕೇಳುವ ಹಾಗೆ ಕೂಗಿದ. ತಗಡಿನ ಮೇಲೆ ಮಳೆ ಸುರಿಯುವಾಗ ಇನ್ನೇನು ಪಿಸುಗುಟ್ಟುತ್ತಾನೆಯೇ ಎಂದುಕೊಂಡರು ಇವರು. ಔಷಧಿ ಅಂಗಡಿಯವನು ಮಾತ್ರೆ ಕೊಟ್ಟು ಎರಡು ಬೆರಳೆತ್ತಿ, ಸೂರ್ಯನನ್ನೊಮ್ಮೆ ತೋರಿಸಿ, ದಿಂಬಿಗೆ ತಲೆಯಿಟ್ಟಂತೆ ಅಭಿನಯಿಸಿದ. ಬೆಳಿಗ್ಗೆಗೊಂದು ರಾತ್ರಿಗೊಂದು ಎಂದರ್ಥ. ಇವನಿಗೇನು ನಾಟಕದ ಹುಚ್ಚು ಹಿಡಿಯಿತು ಎಂದು ಮೇಷ್ಟ್ರು ಮನೆಗೆ ಬಂದು ಹೆಂಡತಿಯ ಹತ್ತಿರ ಹೇಳಿ ನಕ್ಕರು. ಹೆಂಡತಿ ನಗಲಿಲ್ಲ.

ಮಳೆ ನಿಂತಿತು, ಕೂಗಾಟ ನಿಲ್ಲಲಿಲ್ಲ. ಚಳಿ ಬಿತ್ತು. ಮೇಷ್ಟ್ರು ಸೋಪಿನ ಡಬ್ಬಿ ಮುಚ್ಚಿ ಸೀಮೆಸುಣ್ಣದ ಡಬ್ಬಿ ತೆಗೆದರು. ಪಾಠಕ್ಕೆ ಬರುತ್ತಿದ್ದ ಒಂಬತ್ತು ಮಕ್ಕಳಲ್ಲಿ ಒಂದೊಂದೇ ಕಡಿಮೆಯಾಗಿ ಮೂರು ಉಳಿದವು. ಪರೀಕ್ಷೆ ಎಂದರು, ನೆಗಡಿ ಎಂದರು, ದೂರವಾಗುತ್ತದೆ ಎಂದರು. ಎದುರುಮನೆಯ ಹುಡುಗಿಗೂ ದೂರವಾಯಿತು ಎಂದರೆ ಏನು ಹೇಳುವುದು. ಮೇಷ್ಟ್ರಿಗೆ ಬೇಸರವಾಯಿತು, ಆದರೆ ಅದೇ ಹೊತ್ತಿಗೆ ಮನೆಯಲ್ಲೊಂದು ಸುಖ ಸಿಕ್ಕಿತ್ತು. ಹೆಂಡತಿ ಮುಖಕ್ಕೆ ಮುಖ ಕೊಟ್ಟು ಮಾತಾಡತೊಡಗಿದ್ದಳು. ಮೊದಲೆಲ್ಲ ಒಲೆಯ ಕಡೆ ತಿರುಗಿಯೋ ಬಟ್ಟೆ ಮಡಚುತ್ತಲೋ ಅರ್ಧ ಮಾತು ಎಸೆಯುತ್ತಿದ್ದವಳು ಈಗ ಹತ್ತಿರ ಬಂದು, ಭುಜ ಮುಟ್ಟಿ, ಕಣ್ಣಲ್ಲಿ ಕಣ್ಣಿಟ್ಟು, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಇಪ್ಪತ್ತಾರು ವರ್ಷದ ದಾಂಪತ್ಯದ ಮೇಲೆ ಇಂಥ ಪ್ರೀತಿ ಯಾರಿಗುಂಟು ಯಾರಿಗಿಲ್ಲ. ಮೇಷ್ಟ್ರು ದಿನಾ ತಲೆ ಬಾಚಿಕೊಂಡು ಕೂರತೊಡಗಿದರು.

ಇನ್ನು ಮೇಷ್ಟ್ರ ಬದುಕಿನಲ್ಲಿ ದೊಡ್ಡದು ಎನ್ನುವುದೊಂದಿತ್ತು. ಚಳಿ ಮುಗಿಯುವ ಹೊತ್ತಿಗೆ ಊರಿನ ವಾಚನಾಲಯದವರು ವರ್ಷಕ್ಕೊಂದು ಸಂಜೆ ಸಭೆ ಸೇರಿಸುತ್ತಿದ್ದರು. ಅದರ ಮೊದಲ ಕಾಲುಗಂಟೆ ಪಿಟೀಲು ಮೇಷ್ಟ್ರದ್ದು, ಒಬ್ಬರದ್ದೇ, ಪೆಟ್ಟಿಗೆಯೂ ಇಲ್ಲ. ಹದಿನೆಂಟು ವರ್ಷದಿಂದ ನಡೆದು ಬಂದದ್ದು. ವರ್ಷವಿಡೀ ಊಟದ ತಟ್ಟೆಗಳ ಸದ್ದಿನ ನಡುವೆ ಬೇರೆಯವರ ಸಂತೋಷಕ್ಕೆ ನುಡಿಸುವ ಮನುಷ್ಯನಿಗೆ ಆ ಕಾಲುಗಂಟೆ ಮಾತ್ರ ಸ್ವಂತದ್ದು. ಪ್ರತಿ ವರ್ಷ ಅದಕ್ಕೆಂದೇ ಹೊಸ ರಾಗಮಟ್ಟು ಕಟ್ಟುತ್ತಿದ್ದರು. ಈ ಸಲದ್ದು ಮಳೆಗಾಲದಲ್ಲೇ ಹುಟ್ಟಿ, ಚಳಿಯಲ್ಲಿ ಬಲಿತು, ಬೆರಳ ತುದಿಗೆ ಬಂದು ನಿಂತಿತ್ತು. ಅಷ್ಟರಲ್ಲಿ ವಾಚನಾಲಯದ ಕಾರ್ಯದರ್ಶಿ ಮೆಟ್ಟಿಲು ಹತ್ತಿ ಬಂದು, ಈ ಸಲ ಒಂಟಿ ಬೇಡ, ಪೆಟ್ಟಿಗೆ ಮೇಷ್ಟ್ರೂ ಜೊತೆಗಿರಲಿ, ಹೊಸತನವಿರುತ್ತದೆ ಎಂದು ಕೂಗಿ ಹೇಳಿ ಹೋದರು. ಮೇಷ್ಟ್ರಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಆದರೂ ಗೆಳೆಯನ ಹೆಸರು ಬಂದ ಮೇಲೆ ಬೇಡ ಎನ್ನುವುದು ಹೇಗೆ.

ಗುಟ್ಟು ಒಡೆದದ್ದು ಕ್ಷೌರದಂಗಡಿಯಲ್ಲಿ. ಮೇಷ್ಟ್ರು ಕುತ್ತಿಗೆಯವರೆಗೆ ಬಿಳಿ ಬಟ್ಟೆ ಹೊದ್ದು, ಒಂದು ಕೆನ್ನೆಗೆ ನೊರೆ ಹಚ್ಚಿಸಿಕೊಂಡು ಕೂತಿದ್ದರು. ಹಿಂದಿನ ಬೆಂಚಿನಲ್ಲಿ ಅದೇ ಕಾರ್ಯದರ್ಶಿ ಪೇಪರು ಹಿಡಿದು ಸರದಿ ಕಾಯುತ್ತಿದ್ದರು. ಕ್ಷೌರಿಕ ಕತ್ತಿ ಮಸೆಯುತ್ತ, ದನಿ ತಗ್ಗಿಸಿ, ಈ ಸಲ ಇವರ ಒಂಟಿ ಕಾರ್ಯಕ್ರಮ ಇಲ್ವಂತಲ್ಲ ಎಂದು ಅವರನ್ನು ಕೇಳಿದ.

"ಹೇಗೆ ಇಡೋದು ಹೇಳು," ಎಂದರು ಕಾರ್ಯದರ್ಶಿ, ಅಷ್ಟೇ ಮೆಲ್ಲಗೆ. "ಪಾಪ, ಕಿವೀನೇ ಹೋಗಿದೆ. ಗಿರಣಿಯವರ ಮದುವೇಲಿ ಅಪಸ್ವರ ಬಂತಲ್ಲ, ಆವತ್ತೇ ಪೆಟ್ಟಿಗೆ ಮೇಷ್ಟ್ರು ನಮ್ಮನ್ನ ಪಕ್ಕಕ್ಕೆ ಕರೆದು ಹೇಳಿದ್ರು."

ಒಮ್ಮೊಮ್ಮೆ ಸರಿಯಾಗೇ ಉತ್ತರ ಕೊಡ್ತಾರಲ್ಲ ಎಂದ ಕ್ಷೌರಿಕ.

"ಬಂದು ಹೋಗೋ ಕಾಯಿಲೆಯಂತೆ. ಒಂದಿನ ಕೇಳುತ್ತೆ, ಒಂದಿನ ಇಲ್ಲ. ಸ್ವರದ ಏರುಪೇರು ಅಂತೂ ಏನೇನೂ ಗೊತ್ತಾಗಲ್ವಂತೆ. ಅವರು, ನಾನೇ ಹೇಗೋ ಅವನ ತಪ್ಪು ಮುಚ್ಚಿಕೊಂಡು ನುಡಿಸ್ತಿದೀನಿ, ಅವನಿಗೆ ಮಾತ್ರ ತಿಳಿಯೋದು ಬೇಡ, ಎದೆ ಒಡ್ಕೊಂಡುಬಿಡ್ತಾನೆ ಅಂತ ಕಣ್ಣಲ್ಲಿ ನೀರು ಹಾಕಿದ್ರು."

"ಇದ್ದರೆ ಅಂಥ ಸ್ನೇಹಿತ ಇರಬೇಕು," ಎಂದು ಕ್ಷೌರಿಕ ಮೇಷ್ಟ್ರ ಇನ್ನೊಂದು ಕೆನ್ನೆಗೆ ನೊರೆ ಹಚ್ಚಿದ.

ಮೇಷ್ಟ್ರಿಗೆ ಒಂದಕ್ಷರ ಬಿಡದೆ ಕೇಳಿಸಿತು. ಕತ್ತಿ ಗಂಟಲ ಮೇಲಿದ್ದಾಗ ಮನುಷ್ಯ ಏನು ಮಾಡಬಲ್ಲ; ಕನ್ನಡಿಯಲ್ಲಿ ತಮ್ಮ ಮುಖವನ್ನೇ ನೋಡುತ್ತ ಕೂತರು. ಟೈಲರನ ಕೂಗು, ಔಷಧಿ ಅಂಗಡಿಯವನ ನಾಟಕ, ಬಾರದೆ ಹೋದ ಆರು ಮಕ್ಕಳು, ಎಲ್ಲಕ್ಕೂ ಕಾರಣ ಸಿಕ್ಕಿತು. ಊರಿಗೆಲ್ಲ ಗೊತ್ತಿದ್ದು ತನಗೊಬ್ಬನಿಗೇ ಗೊತ್ತಿಲ್ಲದ ತನ್ನದೇ ಕಾಯಿಲೆ. ಆಮೇಲೆ ಹೆಂಡತಿಯ ಮುಖ ಕಣ್ಣ ಮುಂದೆ ಬಂತು, ಒಂದೊಂದೇ ಮಾತು ಬಿಡಿಸಿ ಹೇಳುವ ಆ ತುಟಿಗಳು. ಅದು ಪ್ರೀತಿಯಲ್ಲ, ಕಿವುಡನಿಗೆ ಮಾಡುವ ಉಪಚಾರ. ಬೇರೆಲ್ಲಕ್ಕಿಂತ ಅದೇ ಹೆಚ್ಚು ಉರಿಯಿತು. ಕ್ಷೌರಿಕ ಬಟ್ಟೆ ಕೊಡವಿ, ಆಯ್ತು ಮೇಷ್ಟ್ರೇ ಎಂದು ಕಿವಿಗೆ ಬಾಯಿಟ್ಟು ಕಿರುಚಿದ.

ಇಲ್ಲಿಂದ ಮುಂದೆ ಪೆಟ್ಟಿಗೆಯವನಿಗೆ ಬಹುವಚನ ಕೊಡಲು ಈ ಕತೆಗೆ ಮನಸ್ಸಿಲ್ಲ.

ಮೇಷ್ಟ್ರು ಅಲ್ಲಿಂದ ಮನೆಗೆ ಹೋಗಲಿಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹೊಲಿಗೆ ಯಂತ್ರ, ರೇಡಿಯೊ, ಹಾರ್ಮೋನಿಯಂ ಎಲ್ಲವನ್ನೂ ಬಿಚ್ಚಿ ಜೋಡಿಸುವ ರಿಪೇರಿಯವನಿದ್ದ. ಅವನ ಹತ್ತಿರ ಹೋಗಿ, ನಮ್ಮ ಪೆಟ್ಟಿಗೆ ಈಚೆಗೆ ಬಂದಿತ್ತೇ ಎಂದು ಕೇಳಿದರು. ರಿಪೇರಿಯವನು ತಲೆ ಕೆರೆದುಕೊಂಡ, ಯಾರಿಗೂ ಹೇಳಬೇಡಿ ಎಂದು ಮಾತು ತೆಗೆದುಕೊಂಡ, ಆಮೇಲೆ ಹೇಳಿದ. ಬಂದಿತ್ತು, ಮಳೆ ಶುರುವಾದ ವಾರ, ಆ ಮದುವೆಗೆ ನಾಲ್ಕು ದಿನ ಮೊದಲು. ಎರಡು ರೀಡು ಇಳಿದಿದೆ ಎಂದು ಸರಿಯಿದ್ದ ಇನ್ನೊಂದು ಪೆಟ್ಟಿಗೆಯ ಜೊತೆ ಒತ್ತಿ ತೋರಿಸಿದನಂತೆ. ಎರಡೂ ಒಂದೇ ಥರ ಇದೆಯಲ್ಲ ಎಂದನಂತೆ ಪೆಟ್ಟಿಗೆಯವ. ಮೂರು ಸಲ ತೋರಿಸಿದರೂ ಅದೇ ಮಾತು. ಕೊನೆಗೆ ಬೆವರು ಒರೆಸಿಕೊಂಡನಂತೆ. ಬಿಟ್ಟು ಹೋಗಿ, ಸರಿ ಮಾಡಿ ಕೊಡ್ತೀನಿ ಎಂದರೆ, ಪೆಟ್ಟಿಗೆ ಇಲ್ಲಿ ಕೂತರೆ ಊರು ಕೇಳುತ್ತೆ ಎಂದು ಎತ್ತಿಕೊಂಡು ಹೋದನಂತೆ.

ಹೀಗಿತ್ತು ವಿಷಯ. ಕಿವಿ ಹೋದದ್ದು ಪೆಟ್ಟಿಗೆಯವನದ್ದು. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ, ನಾಲ್ಕು ದಿನ ಯೋಚಿಸಿ, ಮದುವೆಮನೆಯಲ್ಲಿ ಜನ ಮುಖ ಕಿವಿಚಿದ ತಕ್ಷಣ ತನ್ನ ರೋಗವನ್ನು ಗೆಳೆಯನ ತಲೆಗೆ ಕಟ್ಟಿ ಕೈ ತೊಳೆದುಕೊಂಡಿದ್ದ.

ಮೇಷ್ಟ್ರು ಹೋದಾಗ ಅವನು ಮನೆಯ ಪಡಸಾಲೆಯಲ್ಲಿ ಕೂತು ಪೆಟ್ಟಿಗೆ ಒರೆಸುತ್ತಿದ್ದ. ಬಾಗಿಲು ತಟ್ಟಿದ್ದು ಕೇಳಿಸಲಿಲ್ಲ. ನೆರಳು ಬಿದ್ದ ಮೇಲೆ ತಲೆಯೆತ್ತಿದ. ಮೇಷ್ಟ್ರು ಕೂತುಕೊಳ್ಳಲೂ ಇಲ್ಲ. ರಿಪೇರಿಯವನ ಹೆಸರು ಎತ್ತಿದ್ದೇ ಅವನ ಮುಖ ಬಿಳಿಚಿತು.

"ನಿನಗೆ ಮನೆಯಿದೆ, ಹೆಂಡತಿ ಇದ್ದಾಳೆ," ಎಂದ. "ನನಗೆ ಈ ಪೆಟ್ಟಿಗೆ ಬಿಟ್ಟರೆ ಯಾರಿದ್ದಾರೆ? ಆವತ್ತು ಹೆದರಿಕೇಲಿ ನಿನ್ನ ಹೆಸರು ಬಾಯಿಗೆ ಬಂತು ಕಣೋ. ಒಂದ್ಸಲ ಬಂದಮೇಲೆ ನುಂಗೋಕೆ ಆಗಲಿಲ್ಲ."

"ನನ್ನನ್ನ ಒಂದು ಮಾತು ಕೇಳಿದ್ದರೆ ಸಾಯೋವರೆಗೂ ಮುಚ್ಚಿ ನುಡಿಸ್ತಿದ್ದೆ," ಎಂದರು ಮೇಷ್ಟ್ರು. "ಕೇಳದೇನೂ ನುಡಿಸ್ತಿದ್ದೆ. ನಿನ್ನ ಮರ್ಯಾದೆಗೆ ನಾನು ಬೆರಳು ಹಿಂದಿಟ್ಟೆ. ನೀನು ನನ್ನ ಕಿವೀನೇ ಕಿತ್ಕೊಂಡೆ."

ಪೆಟ್ಟಿಗೆಯವ ಗಳಗಳನೆ ಅತ್ತುಬಿಟ್ಟ. ಅಳುವ ಗಂಡಸನ್ನು ನಂಬಬಾರದು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ, ಆದರೆ ಇಪ್ಪತ್ತೆರಡು ವರ್ಷ ಪಕ್ಕದಲ್ಲಿ ಕೂತವನು ಅತ್ತರೆ ಗಾದೆ ಯಾರಿಗೆ ನೆನಪಿರುತ್ತದೆ. ವಾಚನಾಲಯದ ಸಂಜೆಗೆ ಇನ್ನು ಹನ್ನೆರಡು ದಿನವಿತ್ತು. ಆವತ್ತು ವೇದಿಕೆಯ ಮೇಲೆ, ಊರೆಲ್ಲರ ಎದುರು, ತಾನೇ ನಿಂತು ಹೇಳುತ್ತೇನೆ ಎಂದ. ತಪ್ಪು ತನ್ನ ಕಿವಿಯದು, ತನ್ನ ಪೆಟ್ಟಿಗೆಯದು ಎಂದು. ಅಲ್ಲಿಯವರೆಗೆ ಯಾರ ಹತ್ತಿರವೂ ಬಾಯಿ ಬಿಡಬೇಡ, ಹೆಂಡತಿಗೂ ಹೇಳಬೇಡ, ಇನ್ನೊಬ್ಬರ ಬಾಯಿಂದ ಹೊರಬಿದ್ದರೆ ತಲೆಯೆತ್ತಿ ನಡೆಯಲಾರೆ, ನಾನಾಗಿ ಒಪ್ಪಿಕೊಂಡರೆ ಅಷ್ಟಾದರೂ ಮಾನ ಉಳಿಯುತ್ತದೆ ಎಂದು ಕೈ ಹಿಡಿದುಕೊಂಡ. ಮೇಷ್ಟ್ರು ಒಪ್ಪಿದರು. ಮೋಸ ಹೋದವರಿಗೆ ಎರಡನೇ ಸಲ ಮೋಸ ಹೋಗುವುದು ಇನ್ನೂ ಸುಲಭ.

ಆ ಹನ್ನೆರಡು ದಿನ ಮೇಷ್ಟ್ರು ನಾಲಿಗೆ ಕಚ್ಚಿಕೊಂಡೇ ಇದ್ದರು. ಟೈಲರು ಕೂಗಿದರೆ ತಲೆಯಾಡಿಸಿದರು. ಹೆಂಡತಿ ಭುಜ ಮುಟ್ಟಿ ತುಟಿ ಬಿಡಿಸಿ ಮಾತಾಡಿದಾಗ ಮಾತ್ರ ಮುಖ ಬೇರೆ ಕಡೆ ತಿರುಗಿಸಿದರು, ತಾಳಲಾಗಲಿಲ್ಲ. ಸೀಮೆಸುಣ್ಣ ಹಚ್ಚಿ ಬಿರಡೆ ಬಿಗಿದು ಹೊಸ ಮಟ್ಟನ್ನು ಮತ್ತೆ ಮತ್ತೆ ನುಡಿಸಿದರು. ಪೆಟ್ಟಿಗೆಯ ಆ ಎರಡು ಸ್ವರಗಳ ಹತ್ತಿರ ಹೆಚ್ಚು ಹೊತ್ತು ನಿಲ್ಲದ ಹಾಗೆ ಅಲ್ಲಲ್ಲಿ ತಿರುವಿ, ಮುಟ್ಟಿ ಬರುವ ಹಾಗೆ ಮಾಡಿಕೊಂಡರು. ಅವನು ತಪ್ಪೊಪ್ಪಿಕೊಂಡ ಮೇಲೆ ಅವನ ಪೆಟ್ಟಿಗೆ ಎಲ್ಲರೆದುರು ಅರಚುವುದು ಬೇಡ ಎಂದು. ನೋಡಿ, ಇಂಥವರಿಗೇ ಮೋಸವಾಗುವುದು.

ವಾಚನಾಲಯದ ಸಭಾಂಗಣದಲ್ಲಿ ಇನ್ನೂರು ಕುರ್ಚಿ, ಆವತ್ತು ಒಂದೂ ಖಾಲಿಯಿರಲಿಲ್ಲ. ಕಿಟಕಿಗಳಲ್ಲಿ ಬಿಸಿಲು ಇನ್ನೂ ಇತ್ತು, ಚಳಿಯ ಹಲ್ಲು ಮುರಿದಿತ್ತು. ಹೆಂಡತಿ ಎರಡನೇ ಸಾಲಿನಲ್ಲಿ ಕೂತಿದ್ದಳು. ಕಾರ್ಯದರ್ಶಿಯವರ ಸ್ವಾಗತವಾದ ಮೇಲೆ ಪೆಟ್ಟಿಗೆಯವ ಎದ್ದು ಮೈಕಿನ ಹತ್ತಿರ ಹೋದ. ಮೇಷ್ಟ್ರು ಪಿಟೀಲು ಮಡಿಲಿಗಿಟ್ಟು ನೋಡಿದರು. ಪಾಪ, ಎಷ್ಟು ಕಷ್ಟ ಇವನಿಗೆ ಎಂದು ಒಂದು ಗಳಿಗೆ ಮರುಗಿದರು ಕೂಡ.

"ನಾವಿಬ್ಬರೂ ಇಪ್ಪತ್ತೆರಡು ವರ್ಷದ ಜೊತೆಗಾರರು," ಎಂದು ಶುರುಮಾಡಿದ ಅವನು. "ಇವರ ಈಗಿನ ಕಷ್ಟ ನಿಮಗೆಲ್ಲ ಗೊತ್ತೇ ಇದೆ. ಅಂಥದ್ದರಲ್ಲೂ ನುಡಿಸ್ತೀನಿ ಅಂತ ಬಂದಿದ್ದಾರಲ್ಲ, ಅದು ದೊಡ್ಡದು. ಏನಾದರೂ ಹೆಚ್ಚುಕಡಿಮೆ ಆದರೆ ನೀವು ಹೊಟ್ಟೆಗೆ ಹಾಕ್ಕೊಳ್ಳಿ. ನಾನಂತೂ ಜೊತೆಗಿರ್ತೀನಿ."

ಸಭೆ ಚಪ್ಪಾಳೆ ತಟ್ಟಿತು. ಪೆಟ್ಟಿಗೆಯವ ಬಂದು ಪಕ್ಕದಲ್ಲಿ ಕೂತ, ಇವರ ಮುಖ ನೋಡಲಿಲ್ಲ.

ಮೇಷ್ಟ್ರಿಗೆ ಅವಮಾನಕ್ಕಿಂತ ರೋಷ ಹೆಚ್ಚಾಯಿತು. ಎದ್ದು ಕೂಗಿಬಿಡಬೇಕು ಅನ್ನಿಸಿತು. ಆದರೆ ಅವರು ಮಾತಿನ ಮನುಷ್ಯರಲ್ಲ, ಅವರ ಬಾಯಿ ಇದ್ದದ್ದು ಕಮಾನಿನ ತುದಿಯಲ್ಲಿ. ಹೇಳಬೇಕಾದ್ದನ್ನು ಅದರಲ್ಲೇ ಹೇಳುತ್ತೇನೆ ಎಂದುಕೊಂಡರು. ಹನ್ನೆರಡು ದಿನ ಕೂತು ಮಾಡಿದ ತಿರುವುಗಳನ್ನೆಲ್ಲ ಬಿಟ್ಟರು. ಮಟ್ಟು ಮೊದಲು ಹುಟ್ಟಿದ ಹಾಗೇ ನುಡಿಸಿದರು, ಆ ಎರಡು ಸ್ವರಗಳ ಮೇಲೆ ಹೋಗಿ ನಿಂತರು, ಬೆರಳನ್ನು ಕೂದಲೆಳೆಯಷ್ಟೂ ಹಿಂದಿಡದೆ ಕಮಾನನ್ನು ಉದ್ದಕ್ಕೆ ಎಳೆದರು. ಪಿಟೀಲು ಸತ್ಯ ಹೇಳಿತು, ಪೆಟ್ಟಿಗೆ ಅದರ ಪಕ್ಕದಲ್ಲಿ ಕರಕರ ಎಂದು ಉಜ್ಜಿತು. ಇಡೀ ಸಭಾಂಗಣಕ್ಕೆ ಕೇಳಿಸಿತು. ಕೇಳಿಸದವನು ಒಬ್ಬನೇ, ಅವನು ಕಣ್ಣು ಮುಚ್ಚಿ ತಲೆದೂಗುತ್ತ ಒತ್ತುತ್ತಲೇ ಇದ್ದ. ಈಗ ಗೊತ್ತಾಗಲಿ ಎಂದು ಮೇಷ್ಟ್ರು ಮತ್ತೆ ಅಲ್ಲಿಗೇ ಹೋದರು. ಮೂರು ಸಲ, ನಾಲ್ಕು ಸಲ.

ಆಮೇಲೆ ಕಣ್ಣೆತ್ತಿ ಸಭೆಯನ್ನು ನೋಡಿದರು. ಯಾರೂ ಪೆಟ್ಟಿಗೆಯವನನ್ನು ನೋಡುತ್ತಿರಲಿಲ್ಲ. ಎಲ್ಲರೂ ತಲೆ ತಗ್ಗಿಸಿ ತಮ್ಮ ತಮ್ಮ ಮಡಿಲು ನೋಡಿಕೊಳ್ಳುತ್ತಿದ್ದರು. ಟೈಲರು ಕಣ್ಣೊರೆಸಿಕೊಂಡ. ಮೇಷ್ಟ್ರಿಗೆ ಆಗ ಅರ್ಥವಾಯಿತು. ತಪ್ಪು ಯಾರದೆಂದು ಈ ಜನಕ್ಕೆ ಕಿವಿ ಹೇಳಬೇಕಾಗಿಯೇ ಇರಲಿಲ್ಲ. ಮೊದಲೇ ಹೇಳಿ ಕೂರಿಸಲಾಗಿತ್ತು. ಎಷ್ಟು ಸರಿಯಾಗಿ ನುಡಿಸಿದರೆ ಅಷ್ಟು ಕಿವುಡ.

ನುಡಿಸಿ ಮುಗಿಸಿದಾಗ ಸಭೆ ಎದ್ದು ನಿಂತಿತು. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಅವರಿಗಾಗಿ ಎದ್ದು ನಿಲ್ಲದ ಇನ್ನೂರು ಜನ ನಿಂತು, ಕೈ ಕೆಂಪಾಗುವವರೆಗೆ ತಟ್ಟಿದರು. ಪೆಟ್ಟಿಗೆಯವ ಎಲ್ಲರಿಗೂ ಕಾಣುವ ಹಾಗೆ ಅವರ ಬೆನ್ನು ಸವರಿದ.

ಮನೆಗೆ ನಡೆಯುವ ದಾರಿಯಲ್ಲಿ ಹೆಂಡತಿ ಮೊಣಕೈ ಹಿಡಿದುಕೊಂಡಿದ್ದಳು. ಕೊಟ್ಟ ಮಾತಿನ ಗಡುವು ಮುಗಿದಿತ್ತು, ಇನ್ನು ಯಾರ ಮಾನ ಕಾಯಬೇಕು. ಮೇಷ್ಟ್ರು ಎಲ್ಲವನ್ನೂ ಹೇಳಿದರು: ಇಳಿದ ಎರಡು ಸ್ವರ, ಹಿಂದಿಟ್ಟ ಬೆರಳು, ರಿಪೇರಿಯವನು ಒತ್ತಿ ತೋರಿಸಿದ್ದು, ಪಡಸಾಲೆಯಲ್ಲಿ ಅವನು ಅತ್ತದ್ದು, ಕೊಟ್ಟ ಮಾತು. ಬೇಕಾದರೆ ಈಗಲೇ ರಿಪೇರಿಯವನ ಹತ್ತಿರ ಹೋಗಿ ಕೇಳೋಣ ಬಾ ಎಂದರು. ಆಕೆ ಬೀದಿದೀಪದ ಕೆಳಗೆ ನಿಂತು, ಅವರನ್ನು ತನ್ನ ಕಡೆ ತಿರುಗಿಸಿಕೊಂಡಳು. ಅವಳ ಕಣ್ಣು ತುಂಬಿತ್ತು.

"ಪೆಟ್ಟಿಗೆ ಮೇಷ್ಟ್ರು ಹೋದ ವಾರವೇ ಶಾಲೆಗೆ ಬಂದು ಹೇಳಿದ್ರು ರೀ," ಎಂದಳು, ಒಂದನೇ ತರಗತಿಯ ಮಕ್ಕಳಿಗೆ ಹೇಳುವ ಹಾಗೆ ಒಂದೊಂದೇ ಮಾತು ಬಿಡಿಸಿ. "ಒಂದಿನ ನೀವು ಪೆಟ್ಟಿಗೇದೇ ತಪ್ಪು ಅಂತೀರಿ, ಅವರ ಕಿವೀನೇ ಹೋಗಿದೆ ಅಂತೀರಿ ಅಂತ. ಆಗ ಎದುರು ಆಡಬೇಡಿ, ಹೌದು ಅಂದುಬಿಡಿ ಅಂದ್ರು."

ಟೈಲರ್ ಅಂಗಡಿಯ ಹತ್ತಿರ ಬಂದಾಗ ಆಕೆ ಪಿಟೀಲಿನ ಚೀಲ ತಾನು ತೆಗೆದುಕೊಂಡಳು, ಮೇಷ್ಟ್ರ ಕಿವಿಗೆ ಬಾಯಿ ತಂದಳು, ಬೀದಿಗೆಲ್ಲ ಕೇಳುವ ಹಾಗೆ, "ಹೌದು ರೀ, ಪೆಟ್ಟಿಗೇದೇ ತಪ್ಪು. ಮೆಟ್ಟಿಲಿದೆ, ನೋಡ್ಕೊಂಡು ಬನ್ನಿ," ಎಂದಳು.